ಏಳನೇ ಮಹಡಿಯ ಚಪ್ಪರ

ಬಾಗಿಲು ನೋಡಿ ಅಪ್ಪಯ್ಯನಿಗೆ ನಿರಾಸೆಯಾಯಿತು. "ಇಷ್ಟೇಯಾ?" ಅಂದರು.

ಟೊರೊಂಟೊ, ಯಂಗ್ ಸ್ಟ್ರೀಟ್, 189ನೇ ನಂಬರು. ಎದುರಿಗೆ ಈಟನ್ ಸೆಂಟರ್ ಎಂಬ ಭಾರೀ ಮಾಲ್. ಅದರ ಮುಂದೆ ಈ ಥಿಯೇಟರಿನ ಮುಖ ತೀರಾ ಸಣ್ಣದು. ಒಳಗೆ ಎರಡೂವರೆ ಸಾವಿರ ಸೀಟು ಇದೆ ಅಂದರೆ ನಂಬುವುದು ಕಷ್ಟ. ನವೆಂಬರ್ ತಿಂಗಳ ಶನಿವಾರ ಬೆಳಿಗ್ಗೆ. ಅಮ್ಮ ಎರಡು ಸ್ವೆಟರ್ ಹಾಕಿ, ಮೇಲೆ ನನ್ನ ಜಾಕೆಟ್ಟನ್ನೂ ಏರಿಸಿಕೊಂಡಿದ್ದರು. ಇಬ್ಬರೂ ಕುಂದಾಪುರದ ಹತ್ತಿರದ ನಮ್ಮ ಊರಿನಿಂದ ಬಂದು ಆರು ವಾರವಾಗಿತ್ತು. ನಯಾಗರ ಆಗಿತ್ತು, ಸಿಎನ್ ಟವರ್ ಆಗಿತ್ತು, ದೇವಸ್ಥಾನಗಳೂ ಆಗಿದ್ದವು. ಇನ್ನು ಏನು ತೋರಿಸುವುದು ಎಂದು ತಲೆ ಕೆರೆದುಕೊಳ್ಳುವಾಗ ನೆನಪಾದದ್ದು ಈ ಜೋಡಿ ಥಿಯೇಟರ್. ಕೆಳಗೆ ಎಲ್ಗಿನ್, ಅದರ ನೆತ್ತಿಯ ಮೇಲೆ ವಿಂಟರ್ ಗಾರ್ಡನ್. ಡಬಲ್ ಡೆಕರ್ ಬಸ್ಸಿನ ಹಾಗೆ ಒಂದರ ಮೇಲೊಂದು. ನೂರು ವರ್ಷದ ಹಿಂದಿನ ಇಂಥ ಜೋಡಿ ಥಿಯೇಟರುಗಳಲ್ಲಿ ಜಗತ್ತಿನಲ್ಲಿ ಈಗಲೂ ನಡೆಯುತ್ತಿರುವುದು ಇದೊಂದೇ.

ನನಗೆ ಇನ್ನೊಂದು ಸ್ವಾರ್ಥವೂ ಇತ್ತು. ಹಳೇ ಕಟ್ಟಡಗಳ ರಿಪೇರಿಗೆ ಎಸ್ಟಿಮೇಟ್ ಹಾಕುವುದು ನನ್ನ ಹೊಟ್ಟೆಪಾಡು. ಯಾವ ಕಟ್ಟಡ ಯಾಕೆ ಉಳಿಯಿತು, ಯಾವುದು ಯಾಕೆ ಬಿತ್ತು ಎಂದು ಹುಡುಕುವ ಚಟ ಅಂಟಿದೆ. ಈ ಥಿಯೇಟರಿನ ಕತೆಯನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ: ಮೇಲಿನ ಥಿಯೇಟರಿಗೆ ಬೀಗ ಹಾಕಿದರು, ಜನ ಮರೆತರು, ಆಮೇಲೆ ಬಾಗಿಲು ತೆಗೆದಾಗ ನಿಧಿ ಸಿಕ್ಕಿತು. ಕೇಳಲು ಚಂದ. ಆದರೆ ನನಗೆ ಇದು ಅರ್ಧ ಕತೆ ಅನಿಸುತ್ತದೆ. ಸುಮ್ನೆ ಬೀಗ ಹಾಕಿಟ್ಟ ಕಟ್ಟಡ ಐವತ್ತು ವರ್ಷ ಉಳಿಯುವುದಿಲ್ಲ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಮಳೆಗಾಲ ಹೆಂಚು ಕೈಯಾಡಿಸದಿದ್ದರೆ ಮನೆಯ ಗತಿ ಏನಾಗುತ್ತದೆ ಅಂತ ಗೊತ್ತಲ್ವಾ?

ಎರಡು ಯಾಕೆ?

ಬಾಗಿಲು ದಾಟಿದರೆ ಉದ್ದಕ್ಕೆ ಒಂದು ಲಾಬಿ. ನಡೆದಷ್ಟೂ ಇದೆ. ಅಪ್ಪಯ್ಯನ ನಿರಾಸೆ ಅರ್ಧ ದಾರಿಯಲ್ಲೇ ಇಳಿಯಿತು. ಕಾರಣ ಜಾಗದ ಆಕಾರ. ಯಂಗ್ ಸ್ಟ್ರೀಟ್ ಆಗಲೂ ಊರಿನ ಮುಖ್ಯ ವ್ಯಾಪಾರದ ಬೀದಿ, ಅಲ್ಲಿ ಜಾಗಕ್ಕೆ ಬೆಂಕಿ ಬೆಲೆ. ಹಾಗಾಗಿ ಆ ಕಡೆ ಒಂದು ಸಪೂರ ತುಂಡು ಮಾತ್ರ ಬಾಗಿಲಿಗಾಗಿ ಇಟ್ಟುಕೊಂಡರು. ನಿಜವಾದ ಥಿಯೇಟರ್ ಇರುವುದು ಹಿಂದಿನ ವಿಕ್ಟೋರಿಯಾ ಸ್ಟ್ರೀಟಿನ ಕಡೆ. ಮುಂದಿನ ಬೀದಿಯಲ್ಲಿ ಹೆಸರಿನ ಬೋರ್ಡು, ಹಿಂದಿನ ಬೀದಿಯಲ್ಲಿ ಕಟ್ಟಡ. ಲೆಕ್ಕ ಬಲ್ಲವನ ಕೆಲಸ.

ಲೆಕ್ಕ ಬಲ್ಲವನ ಹೆಸರು ಮಾರ್ಕಸ್ ಲೋ. ನ್ಯೂಯಾರ್ಕಿನ ಬಡ ಕುಟುಂಬದಲ್ಲಿ ಹುಟ್ಟಿ, ಪುಡಿಗಾಸಿನ ಆಟದಂಗಡಿಗಳಿಂದ ಶುರುಮಾಡಿ, ಥಿಯೇಟರುಗಳ ಸಾಲನ್ನೇ ಕಟ್ಟಿದವನು. ಕೆನಡಾದಲ್ಲಿ ತನ್ನ ಮುಖ್ಯ ಥಿಯೇಟರ್ ಆಗಿ ಇದನ್ನು ಕಟ್ಟಿಸಿದ. ಕೆಳಗಿನದು 1913ರ ಡಿಸೆಂಬರ್ 15ರಂದು ತೆರೆಯಿತು. ಮೇಲಿನದು ಎರಡು ತಿಂಗಳು ಬಿಟ್ಟು, 1914ರ ಫೆಬ್ರವರಿಯಲ್ಲಿ. ಆಗ ಕೆಳಗಿನದಕ್ಕೆ ಎಲ್ಗಿನ್ ಅನ್ನುವ ಹೆಸರಿರಲಿಲ್ಲ, ಲೋನ ಯಂಗ್ ಸ್ಟ್ರೀಟ್ ಥಿಯೇಟರ್ ಅಂತಲೇ ಹೆಸರು.

ಎರಡರಲ್ಲೂ ನಡೆಯುತ್ತಿದ್ದದ್ದು ವಾಡ್‌ವಿಲ್. ಅಂದರೆ ಒಂದೇ ಟಿಕೆಟ್ಟಿಗೆ ಹಲವು ಬಗೆ. ಒಬ್ಬ ಹಾಡುತ್ತಾನೆ, ಇನ್ನೊಬ್ಬ ಜೋಕು ಹೇಳುತ್ತಾನೆ, ಮತ್ತೊಬ್ಬ ನಾಯಿ ಕುಣಿಸುತ್ತಾನೆ, ನಡುವೆ ಒಂದು ಮೂಕಿ ಸಿನಿಮಾ ತುಣುಕು. ಕೆಳಗೆ ಇದು ದಿನವಿಡೀ ಸುತ್ತು ಹೊಡೆಯುತ್ತಿತ್ತು. ಯಾವಾಗ ಬೇಕಾದರೂ ಒಳಗೆ ಹೋಗಿ ಕೂತುಕೊಳ್ಳಬಹುದು. ಮೇಲಿನದು ಸಂಜೆಗೆ, ಸೀಟು ಮೊದಲೇ ಕಾದಿರಿಸಿ ಬರುವವರಿಗೆ. ತಮಾಷೆ ಏನೆಂದರೆ ಎರಡು ಕಡೆಯೂ ಅದೇ ಕಲಾವಿದರು, ಅದೇ ಆಟ. ಹಾಗಾದರೆ ಜಾಸ್ತಿ ದುಡ್ಡು ಕೊಟ್ಟು ಏಳು ಮಹಡಿ ಮೇಲೆ ಹೋಗುವುದು ಯಾಕೆ? ಊರಿನಲ್ಲಿ ಯಕ್ಷಗಾನದ ಟೆಂಟಿನೊಳಗೆ ಕುರ್ಚಿಗೊಂದು ರೇಟು, ನೆಲಕ್ಕೊಂದು ರೇಟು ಇತ್ತಲ್ಲ, ಅದೇ ಲೆಕ್ಕ. ಆಟ ಒಂದೇ, ಕೂರುವ ಜಾಗಕ್ಕೆ ದುಡ್ಡು.

ಆ ಕಾಲದ ನ್ಯೂಯಾರ್ಕಿನಲ್ಲಿ ಥಿಯೇಟರಿನ ತಾರಸಿ ಮೇಲೆ ತೋಟದಂಥ ಇನ್ನೊಂದು ಮನರಂಜನೆ ಜಾಗ ಮಾಡುವ ಹುಚ್ಚಿತ್ತು. ಅದನ್ನು ಲೋ ಟೊರೊಂಟೊಗೆ ತಂದ. ಇಲ್ಲಿನ ಚಳಿಯಲ್ಲಿ ತೆರೆದ ತಾರಸಿ ಉಪಯೋಗಕ್ಕೆ ಬರುವುದು ವರ್ಷದ ಕೆಲವೇ ತಿಂಗಳು. ಅದಕ್ಕೇ ತೋಟವನ್ನು ಮಾಡಿನೊಳಗೇ ತಂದುಬಿಟ್ಟರು, ಚಳಿಗಾಲದ ತೋಟ ಅಂತ ಹೆಸರಿಟ್ಟರು.

ಕಟ್ಟಡದ ನಕ್ಷೆ ಮಾಡಿದವರು ಥಾಮಸ್ ಲ್ಯಾಂಬ್. ಹುಟ್ಟಿದ್ದು ಸ್ಕಾಟ್ಲೆಂಡಿನ ಡಂಡಿಯಲ್ಲಿ, ದುಡಿದದ್ದು ನ್ಯೂಯಾರ್ಕಿನಲ್ಲಿ. ಗೈಡ್ ಈ ಹೆಸರು ಹೇಳಿ ಮುಂದೆ ಹೋದರು. ನಾನು ಅಪ್ಪಯ್ಯನನ್ನು ಹಿಡಿದು ನಿಲ್ಲಿಸಿದೆ. ಹೇಳಲೇಬೇಕಾದ ಮಾತೊಂದಿತ್ತು. ಅಪ್ಪಯ್ಯ ಹುಡುಗನಾಗಿದ್ದಾಗ ಮುಂಬೈಗೆ ಹೋಗಿ ಉಡುಪಿ ಹೋಟೆಲೊಂದರಲ್ಲಿ ಕಪ್ಪು ತೊಳೆದವರು. ರಾತ್ರಿ ಶಾಲೆಯಲ್ಲಿ ಕಲಿತವರು. ತಿಂಗಳಿಗೊಂದು ರಜೆ, ತಿಂಗಳಿಗೊಂದು ಸಿನಿಮಾ. ಅದರಲ್ಲೂ ಧೋಬಿ ತಲಾವಿನ ಮೆಟ್ರೊ ಥಿಯೇಟರ್ ಎಂದರೆ ಇವತ್ತಿಗೂ ಕಣ್ಣು ಅರಳುತ್ತದೆ. ಇಂಗ್ಲಿಷು ಒಂದಕ್ಷರ ಅರ್ಥವಾಗದಿದ್ದರೂ ಹೋಗಿ ಕೂರುತ್ತಿದ್ದರಂತೆ, ಒಳಗಿನ ಕೆಂಪು ಬಣ್ಣ ಮತ್ತು ತಂಪಿಗೆ.

ಆ ಮೆಟ್ರೊ ಥಿಯೇಟರಿನ ನಕ್ಷೆಯೂ ಇದೇ ಲ್ಯಾಂಬ್ ಅವರದು. 1938ರಲ್ಲಿ ತೆರೆದದ್ದು. ಕೊಲ್ಕತ್ತಾದ ಮೆಟ್ರೊ ಕೂಡ ಅವರದೇ. ಹೆಸರಿನ ಗುಟ್ಟೂ ಇಲ್ಲೇ ಇದೆ. ಮಾರ್ಕಸ್ ಲೋ 1924ರಲ್ಲಿ ಮೂರು ಸಿನಿಮಾ ಕಂಪನಿಗಳನ್ನು ಸೇರಿಸಿ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಮಾಡಿದ. ಸಿಂಹ ಗರ್ಜಿಸುತ್ತದಲ್ಲ, ಅದೇ ಎಂಜಿಎಂ. ಮುಂಬೈಯ ಮೆಟ್ರೊ ಕಟ್ಟಿಸಿದ್ದು ಆ ಕಂಪನಿ. ಲೋ ಅಷ್ಟು ಹೊತ್ತಿಗೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಆದರೆ ಮನೆತನ ಒಂದೇ.

ಅಪ್ಪಯ್ಯ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಗೋಡೆ ಮುಟ್ಟಿ ನೋಡಿದರು. ಗೈಡ್ ದೂರದಿಂದಲೇ, ಮುಟ್ಟಬೇಡಿ ಎಂದು ಕೈಸನ್ನೆ ಮಾಡಿದರು.

ಬೀಗ

ಎಲ್ಗಿನ್ ಒಳಗೆ ಹೋದರೆ ಕಣ್ಣು ಕುಕ್ಕುವ ಚಿನ್ನದ ಬಣ್ಣ. ಪ್ಲಾಸ್ಟರಿನ ಪುಟ್ಟ ದೇವದೂತರು, ಎರಡು ಬದಿಯಲ್ಲಿ ರಾಜರ ಕಾಲದಂಥ ಬಾಕ್ಸುಗಳು, ದಪ್ಪ ಬಟ್ಟೆ. ಅಮ್ಮನಿಗೆ ಅಷ್ಟು ಹಿಡಿಸಲಿಲ್ಲ. "ಎಲ್ಲ ಜಾಸ್ತಿಯಾಯ್ತು" ಅಂದರು.

ಅಲ್ಲಿಂದ ಮೇಲಕ್ಕೆ ಅಮ್ಮನನ್ನು ಲಿಫ್ಟಿನಲ್ಲಿ ಕಳಿಸಿ ನಾವಿಬ್ಬರು ಅಮೃತಶಿಲೆಯ ಮೆಟ್ಟಿಲು ಹತ್ತಿದೆವು. ಏಳು ಮಹಡಿ. ನಾನು ನಾಲ್ಕರಲ್ಲಿ ನಿಂತೆ, ಅಪ್ಪಯ್ಯ ಐದರಲ್ಲಿ. ನಾವು ಮುಟ್ಟುವಾಗ ಅಮ್ಮ ಒಳಗೇ ಇದ್ದರು, ಕುತ್ತಿಗೆ ಹಿಂದಕ್ಕೆ ಚಾಚಿ ಮಾಡು ನೋಡುತ್ತಾ.

"ಇದೆಂತ ಮಾರಾಯ, ಮದುವೆ ಚಪ್ಪರವೇ ಉಂಟಲ್ಲ ಇಲ್ಲಿ!"

ಅದಕ್ಕಿಂತ ಸರಿಯಾದ ವರ್ಣನೆ ನಾನು ಎಲ್ಲೂ ಓದಿಲ್ಲ. ಮಾಡು ಕಾಣುವುದೇ ಇಲ್ಲ, ಬರೀ ಎಲೆ. ಬೀಚ್ ಎಂಬ ಮರದ ನಿಜವಾದ ಕೊಂಬೆ, ನಿಜವಾದ ಎಲೆ, ಕೆಡದಂತೆ ಹದ ಮಾಡಿ ತಂತಿಯ ಜಾಲರಿಗೆ ಹೆಣೆದದ್ದು. ನಡುನಡುವೆ ತೂಗುವ ಲಾಟೀನುಗಳು. ಕಂಬಗಳಿಗೆ ಮರದ ಕಾಂಡದ ವೇಷ. ಗೋಡೆ ತುಂಬ ಕೈಯಲ್ಲಿ ಬಿಡಿಸಿದ ಹೂಬಳ್ಳಿ, ತೋಟದ ಬೇಲಿ. ಹೊರಗೆ ಎಲೆಯೆಲ್ಲ ಉದುರಿ ಬೋಳಾದ ಮರಗಳು, ಒಳಗೆ ಈ ಚಪ್ಪರ. ನೂರು ವರ್ಷದ ಹಿಂದೆ ಹಿಮದಲ್ಲಿ ನಡೆದು ಬಂದವರಿಗೆ ಏನನಿಸಿರಬೇಡ.

ಇದು ಬರೀ ಹದಿನಾಲ್ಕು ವರ್ಷ ನಡೆಯಿತು. ಸಿನಿಮಾ ಬೆಳೆಯಿತು, ಮಾತು ಕಲಿಯಿತು, ವಾಡ್‌ವಿಲ್ ಸೊರಗಿತು. ಸಿನಿಮಾಕ್ಕೆ ಒಂದು ದೊಡ್ಡ ಹಾಲ್ ಸಾಕು, ಅದು ಕೆಳಗೇ ಇತ್ತು. ಏಳು ಮಹಡಿ ಮೇಲೆ ಜನರನ್ನು ಹತ್ತಿಸಿ ಇಳಿಸುವ ಖರ್ಚು ಯಾರಿಗೆ ಬೇಕು? 1928ರಲ್ಲಿ ವಿಂಟರ್ ಗಾರ್ಡನ್ ಮುಚ್ಚಿತು. ಒಡೆದು ಆಫೀಸು ಮಾಡಲಿಲ್ಲ, ಬಾಡಿಗೆಗೂ ಕೊಡಲಿಲ್ಲ. ಬಾಗಿಲು ಹಾಕಿದರು, ಅಷ್ಟೇ. ಎಲೆಗಳು ಹಾಗೇ ಉಳಿದವು. ರಂಗದ ಸೀನುಗಳೂ ಹಾಗೇ ಉಳಿದವು.

ಸೀನು ಅಂದರೆ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಬಣ್ಣ ಹಾಕಿದ ಹಲಗೆಗಳು, ಮೇಲಿನಿಂದ ಇಳಿಬಿಡುವ ಪರದೆಗಳು. ಕಂಪನಿ ನಾಟಕ ನೋಡಿದವರಿಗೆ ಗೊತ್ತು: ಕಾಡಿನ ಪರದೆ, ಅರಮನೆ ಪರದೆ, ಬೀದಿ ಪರದೆ. ಅವೇ. ಇಂಥವು ಜಗತ್ತಿನಲ್ಲಿ ಹೆಚ್ಚು ಕಡೆ ಉಳಿದಿಲ್ಲ. ಆಟ ಮುಗಿದ ಮೇಲೆ ಬಟ್ಟೆ ಹರಿದು ಇನ್ನೊಂದಕ್ಕೆ ಬಳಸುತ್ತಿದ್ದರು, ಇಲ್ಲವೇ ಅದೇ ಬಟ್ಟೆಯ ಮೇಲೆ ಹೊಸ ಚಿತ್ರ ಬರೆಯುತ್ತಿದ್ದರು. ನಮ್ಮಲ್ಲೂ ಹಾಗೇ ಅಲ್ವಾ? ಎಷ್ಟು ನಾಟಕ ಕಂಪನಿಗಳ ಪರದೆ ಇವತ್ತು ಕಣ್ಣಿಗೆ ಬೀಳುತ್ತವೆ? ಇಲ್ಲಿ ಬಾಗಿಲು ಹಾಕಿದ್ದರಿಂದ ಉಳಿದ ಈ ವಾಡ್‌ವಿಲ್ ಸೀನುಗಳು ಇವತ್ತು ಜಗತ್ತಿನಲ್ಲೇ ಅತಿ ದೊಡ್ಡ ಸಂಗ್ರಹ ಅನ್ನಿಸಿಕೊಂಡಿವೆ. ಅದರಲ್ಲಿ ಒಂದು ಚಿಟ್ಟೆಯ ಸೀನು. ಇನ್ನೊಂದು ಈಜಿಪ್ಟಿನವರು ಪೂಜಿಸುತ್ತಿದ್ದ ಸ್ಕ್ಯಾರಬ್ ದುಂಬಿಯದು.

ಕೆಳಗಿನ ಹಾಲ್‌ಗೆ ಮಾತ್ರ ವಿಶ್ರಾಂತಿಯಿಲ್ಲ. ಸಿನಿಮಾ ಓಡಿತು, ಓಡಿತು, ಓಡುತ್ತಲೇ ಇತ್ತು. ಪ್ರತಿ ಸಲ ಹಳತಾಗಿ ಕಂಡಾಗ ಮೇಲೊಂದು ಬಣ್ಣ. ಚಿನ್ನದ ಮೇಲೆ ಬಣ್ಣ, ಬಣ್ಣದ ಮೇಲೆ ಬಣ್ಣ. ಯಂಗ್ ಸ್ಟ್ರೀಟ್ ಕೆಟ್ಟ ಹೆಸರು ಪಡೆದ 1970ರ ದಶಕದ ಹೊತ್ತಿಗೆ ಇಲ್ಲಿ ಅಗ್ಗದ ಸಿನಿಮಾಗಳು, ವಯಸ್ಕರ ಸಿನಿಮಾಗಳು. ಮನೆಮಂದಿ ಹೋಗುವ ಜಾಗವಲ್ಲ. ಗೈಡ್ ಈ ಐವತ್ತು ವರ್ಷವನ್ನು ಎರಡು ವಾಕ್ಯದಲ್ಲಿ ಮುಗಿಸಿದರು. ನನಗೆ ಬೇಕಾಗಿದ್ದದ್ದೇ ಆ ಐವತ್ತು ವರ್ಷ.

ಹಿಟ್ಟು, ಎಲೆ, ಸೀಟು

1981ರಲ್ಲಿ ಒಂಟಾರಿಯೊ ಪ್ರಾಂತ್ಯದ ಪರಂಪರೆ ಸಂಸ್ಥೆ ಕಟ್ಟಡವನ್ನು ಕೊಂಡಿತು. ಈಗ ಅದಕ್ಕೆ ಒಂಟಾರಿಯೊ ಹೆರಿಟೇಜ್ ಟ್ರಸ್ಟ್ ಎಂದು ಹೆಸರು. ಮರುವರ್ಷವೇ ರಾಷ್ಟ್ರೀಯ ಐತಿಹಾಸಿಕ ತಾಣದ ಪಟ್ಟವೂ ಸಿಕ್ಕಿತು. ಆದರೆ ಪಟ್ಟದಿಂದ ಮಾಡು ರಿಪೇರಿಯಾಗುವುದಿಲ್ಲ. ಕೊಂಡದ್ದಕ್ಕೂ ಕೆಲಸ ಶುರುವಾದದ್ದಕ್ಕೂ ನಡುವೆ ಆರು ವರ್ಷ ಇದೆ.

ಆ ನಡುವಿನಲ್ಲಿ ಒಂದು ಒಳ್ಳೆ ಬುದ್ಧಿವಂತಿಕೆ ನಡೆಯಿತು. ಎಲ್ಗಿನ್ ಇನ್ನೂ ಹಳೇ ಅವತಾರದಲ್ಲಿ ಇರುವಾಗಲೇ, 1985ರಲ್ಲಿ, 'ಕ್ಯಾಟ್ಸ್' ಎಂಬ ಸಂಗೀತ ನಾಟಕ ಅಲ್ಲಿ ಶುರುವಾಯಿತು. ಎರಡು ವರ್ಷ ಓಡಿತು. ಮಾಸಿದ ಗೋಡೆಯ ನಡುವೆಯೂ ಜನ ಟಿಕೆಟ್ ಕೊಂಡು ಬಂದರು. ನನ್ನ ಕಸುಬಿನವರ ದೃಷ್ಟಿಯಲ್ಲಿ ಇಡೀ ಪ್ರಕರಣದ ಮುಖ್ಯ ಘಟನೆ ಇದು. ಮೊದಲು ಖರ್ಚು ಮಾಡಿ ಆಮೇಲೆ ಜನ ಬರುತ್ತಾರಾ ಎಂದು ಕಾಯುವುದು ಸಾಮಾನ್ಯ ರೂಢಿ. ಇಲ್ಲಿ ಜನ ಬರುವುದನ್ನು ಕಣ್ಣಾರೆ ನೋಡಿದ ಮೇಲೆ ಖರ್ಚು.

1987ರಲ್ಲಿ ಕೆಲಸ ಶುರು. ಮುಂದಾಳು ಟೊರೊಂಟೊದ ವಾಸ್ತುಶಿಲ್ಪಿ ಮ್ಯಾಂಡೆಲ್ ಸ್ಪ್ರಾಕ್‌ಮನ್. ಎರಡೂವರೆ ವರ್ಷ, 29 ಮಿಲಿಯನ್ ಕೆನಡಿಯನ್ ಡಾಲರ್. ಅಂದರೆ ಎರಡು ಕೋಟಿ ತೊಂಬತ್ತು ಲಕ್ಷ ಡಾಲರ್, ಅದೂ ಆಗಿನ ಕಾಲದ್ದು.

ಒಂದೇ ಕಟ್ಟಡದಲ್ಲಿ ಎರಡು ಪೂರ್ತಿ ಬೇರೆ ಕೆಲಸ. ಕೆಳಗೆ ಕಳಚುವುದು. ಲಾಬಿಯಲ್ಲಿ 28 ಪದರ ಬಣ್ಣ ಎಬ್ಬಿಸಿದರಂತೆ. ಗೋಡೆಯ ಒಂದು ಬಣ್ಣ ಕೆರೆದು ತೆಗೆಯುವುದಕ್ಕೇ ನಮ್ಮ ಎಸ್ಟಿಮೇಟು ದುಪ್ಪಟ್ಟಾಗುತ್ತದೆ. ಇಪ್ಪತ್ತೆಂಟು! ಕೆಳಗಿನ ಮೂಲ ಬಣ್ಣಕ್ಕೆ ಪೆಟ್ಟಾಗದ ಹಾಗೆ, ಒಂದೊಂದೇ. ಆಮೇಲೆ ಪ್ಲಾಸ್ಟರಿನ ಕುಸುರಿಗೆ ಮತ್ತೆ ಹೊಳಪು. ಅದಕ್ಕೆ 3,00,000ಕ್ಕೂ ಹೆಚ್ಚು ತೆಳು ಅಲ್ಯೂಮಿನಿಯಂ ಹಾಳೆ ಬಳಸಿದರು. ಹೌದು, ಅಲ್ಯೂಮಿನಿಯಂ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಂತ ಅಮ್ಮನಿಗೆ ಹೇಳಿದೆ. "ನಾನು ಆಗಲೇ ಹೇಳಿದೆನಲ್ಲ" ಅಂದರು. ಏನು ಹೇಳಿದ್ದರೋ ನೆನಪಿಲ್ಲ.

ಮೇಲಿನ ಕೆಲಸ ತದ್ವಿರುದ್ಧ. ಅಲ್ಲಿ ಏನೂ ಕಳಚುವ ಹಾಗಿಲ್ಲ. ಯಾರೂ ಬಣ್ಣ ಬಳಿದಿಲ್ಲ, ಯಾರೂ ಬದಲಾಯಿಸಿಲ್ಲ. ಇದ್ದದ್ದು ಅರವತ್ತು ವರ್ಷದ ಧೂಳು ಮತ್ತು ಮಸಿ. ಒರೆಸಿದರಾಯಿತು ಅನಿಸುತ್ತದೆ. ಅಲ್ಲೇ ಪೇಚು. ಗೋಡೆಯ ಆ ಹೂಬಳ್ಳಿ ಬರೆದದ್ದು ನೀರಿನ ಬಣ್ಣದಲ್ಲಿ. ಒದ್ದೆ ಬಟ್ಟೆ ತಾಗಿಸಿದರೆ ಧೂಳಿನ ಜೊತೆ ಹೂವೂ ಬಟ್ಟೆಗೆ ಬರುತ್ತದೆ.

ಅವರು ಕಂಡುಕೊಂಡ ಉಪಾಯ ಹಿಟ್ಟಿನ ಉಂಡೆ. ಬ್ರೆಡ್ಡಿಗೆ ಕಲಸುವ ಹಸಿ ಹಿಟ್ಟನ್ನು ಉಂಡೆ ಕಟ್ಟಿ ಗೋಡೆಯ ಮೇಲೆ ಒತ್ತುತ್ತಾ ಉರುಳಿಸುವುದು. ಮಸಿ ಹಿಟ್ಟಿಗೆ ಅಂಟುತ್ತದೆ, ಬಣ್ಣ ಗೋಡೆಯಲ್ಲೇ ಇರುತ್ತದೆ. ಉಂಡೆ ಕಪ್ಪಾದರೆ ಬಿಸಾಡಿ ಇನ್ನೊಂದು. ನೂರಾರು ಪೌಂಡ್ ಹಿಟ್ಟು ಹೀಗೆ ಖರ್ಚಾಯಿತು. ಗೈಡ್ ಇದನ್ನು ಹೇಳಿದ ಮೇಲೆ ಅಮ್ಮ ಉಳಿದ ಯಾವ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ತೋಳು ಜಗ್ಗಿ, "ಕೇಳು, ಗೋಧಿ ಹಿಟ್ಟಾ ಮೈದಾವಾ?" ಎಂದರು. ನಾನು ನಾಚಿಕೊಂಡು ಕೇಳಲಿಲ್ಲ. ಈಗ ಅನಿಸುತ್ತದೆ, ಕೇಳಬೇಕಿತ್ತು. ಗುಂಪಿನಲ್ಲಿ ಕೆಲಸದ ಪ್ರಶ್ನೆ ಇದ್ದದ್ದು ಅಮ್ಮನಲ್ಲಿ ಮಾತ್ರ. ಹಿಟ್ಟಿನ ಅಂಟು ಎಷ್ಟಿರಬೇಕು, ಎಷ್ಟು ಹೊತ್ತು ನಾದಬೇಕು ಎಂಬುದರ ಮೇಲೇ ತಾನೇ ಗೋಡೆಯ ಹೂವು ಉಳಿಯುವುದು?

ಹಳೇ ಎಲೆಗಳು ಮಾತ್ರ ಉಳಿಯುವ ಸ್ಥಿತಿಯಲ್ಲಿ ಇರಲಿಲ್ಲ. ಮುಟ್ಟಿದರೆ ಪುಡಿ. ಹಾಗಾಗಿ 5,000ಕ್ಕೂ ಹೆಚ್ಚು ಹೊಸ ಬೀಚ್ ಕೊಂಬೆ ಕಡಿದು ತಂದು, ಬಾಡದಂತೆ ಹದ ಮಾಡಿ, ಬೆಂಕಿ ಹಿಡಿಯದಂತೆ ಮಾಡಿ, ಮತ್ತೆ ಜಾಲರಿಗೆ ಹೆಣೆದರು. ಇಲ್ಲೊಂದು ವಾದ ಇದೆ. ಇವು 1914ರ ಎಲೆಗಳಲ್ಲ, ಹಾಗಾದರೆ ನಾವು ನೋಡುತ್ತಿರುವುದು ಹಳೇ ಥಿಯೇಟರಾ, ಹೊಸದಾ? ನನ್ನ ಮಟ್ಟಿಗೆ ಈ ವಾದದಲ್ಲಿ ಹುರುಳಿಲ್ಲ. ಚಪ್ಪರದ ಸೋಗೆ ಯಾವಾಗಲೂ ಹೊಸದೇ. ಚಪ್ಪರ ಹಾಕುವ ರೀತಿ ಹಳತು. ಕೃತಕ ಪ್ಲಾಸ್ಟಿಕ್ ಎಲೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು, ಖರ್ಚೂ ಕಡಿಮೆ. ಕಟ್ಟಲಿಲ್ಲ. ಅದು ದೊಡ್ಡದು.

ಸೀಟುಗಳ ಕತೆ ಅಪ್ಪಯ್ಯನಿಗೆ ತುಂಬ ಇಷ್ಟವಾದದ್ದು. ವಿಂಟರ್ ಗಾರ್ಡನ್ನಿಗೆ ಅದೇ ಕಾಲದ ಸೀಟುಗಳು ಬೇಕಾಗಿದ್ದವು. ಷಿಕಾಗೋದ ಬಯೋಗ್ರಾಫ್ ಥಿಯೇಟರಿನ ಹಳೇ ಸೀಟುಗಳನ್ನು ತಂದು ಹಾಕಿದರು. ಜಾನ್ ಡಿಲಿಂಜರ್ ಎಂಬ ಬ್ಯಾಂಕ್ ದರೋಡೆಕೋರ 1934ರ ಜುಲೈಯಲ್ಲಿ ಕೊನೇ ಸಿನಿಮಾ ನೋಡಿದ್ದು ಆ ಥಿಯೇಟರಿನಲ್ಲಿ. ನೋಡಿ ಹೊರಬಂದವನನ್ನು ಅಮೆರಿಕದ ಕೇಂದ್ರ ತನಿಖಾ ಏಜೆಂಟರು ಅಲ್ಲೇ ಹತ್ತಿರ ಗುಂಡಿಟ್ಟು ಕೊಂದರು. "ಹಾಗಾದ್ರೆ ಇದ್ರಲ್ಲಿ ಯಾವುದೋ ಒಂದು ಅವನದ್ದು ಇರ್ಬಹುದು" ಎಂದು ಅಪ್ಪಯ್ಯ ಎರಡು ಮೂರು ಸೀಟು ಬದಲಾಯಿಸಿ ಕೂತರು.

ಕಟ್ಟಡಕ್ಕೆ ತಾಗಿ ಎಂಟು ಮಹಡಿಯ ಹೊಸ ಭಾಗವೊಂದನ್ನೂ ಕಟ್ಟಿದರು, 65,000 ಚದರ ಅಡಿ. ಡ್ರೆಸ್ಸಿಂಗ್ ರೂಮು, ರಿಹರ್ಸಲ್ ಹಾಲ್, ಲೌಂಜ್ ಎಲ್ಲ ಅಲ್ಲಿಗೆ. ಪ್ರವಾಸಿಗಳು ಇದರ ಫೋಟೊ ತೆಗೆಯುವುದಿಲ್ಲ. ಆದರೆ ಈಗಿನ ಕಾಲದ ಅಗತ್ಯವನ್ನೆಲ್ಲ ಹೊರಗೆ ಹೊತ್ತದ್ದು ಇದೇ. ಇಲ್ಲದಿದ್ದರೆ ಹಳೇ ಗೋಡೆಗಳನ್ನೇ ಕೊರೆಯಬೇಕಾಗುತ್ತಿತ್ತು. ಆದರೂ ಒಂದು ಬೆಲೆ ತೆರಬೇಕಾಯಿತು. ಶುರುವಿನಲ್ಲಿ ಕೆಳಗೆ 2,149 ಸೀಟು, ಮೇಲೆ 1,410. ಈಗ ಕೆಳಗೆ 1,561, ಮೇಲೆ 992. ಸಾವಿರ ಸೀಟು ಹೋಯಿತು. 1913ರ ಜನ ಮೊಣಕಾಲು ಎಲ್ಲಿಡುತ್ತಿದ್ದರೋ!

1989ರ ಡಿಸೆಂಬರ್ 15ರಂದು ಮತ್ತೆ ತೆರೆಯಿತು. ಸರಿಯಾಗಿ 76 ವರ್ಷಕ್ಕೆ, ಅದೇ ತಾರೀಕಿಗೆ.

ಲೆಕ್ಕ ಯಾರ ಹೆಸರಿಗೆ?

ಈಗ ನನ್ನ ತಕರಾರಿಗೆ ಬರುತ್ತೇನೆ.

ಮೇಲಿನ ಗೋಡೆಯ ಚಿತ್ರ ನೀರಿನ ಬಣ್ಣದ್ದು ಅಂದೆನಲ್ಲ. ವಿಂಟರ್ ಗಾರ್ಡನ್ ಇರುವುದು ಕಟ್ಟಡದ ತುತ್ತತುದಿಯಲ್ಲಿ, ಮಾಡಿನ ನೇರ ಕೆಳಗೆ. ಟೊರೊಂಟೊದ ಹಿಮ ಎಂದರೆ ಮಾಡಿನ ಮೇಲೆ ತಿಂಗಳುಗಟ್ಟಲೆ ಕೂತು, ಕರಗಿ, ಮತ್ತೆ ಗಟ್ಟಿಯಾಗಿ, ಬಿರುಕು ಹುಡುಕಿ ಒಳಗೆ ಇಳಿಯುವ ವಸ್ತು. ಬೀಗ ಹಾಕಿ ಮರೆತುಬಿಟ್ಟಿದ್ದರೆ ಹತ್ತು ಹದಿನೈದು ವರ್ಷದಲ್ಲಿ ಮಾಡು ಸೋರಬೇಕು. ಸೋರಿದರೆ ಮೊದಲು ಹೋಗುವುದು ಆ ಹೂಬಳ್ಳಿ, ಆಮೇಲೆ ಸೀನುಗಳು. 1980ರ ದಶಕದಲ್ಲಿ ಹಿಟ್ಟಿನ ಉಂಡೆ ಹಿಡಿದು ಬಂದವರಿಗೆ ಒರೆಸಲು ಗೋಡೆಯೇ ಇರುತ್ತಿರಲಿಲ್ಲ.

ಅಂದರೆ ಈ ಅರವತ್ತು ವರ್ಷ ಯಾರೋ ಮಾಡು ನೋಡಿಕೊಂಡಿದ್ದಾರೆ. ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗೆ ಇಟ್ಟಿದ್ದಾರೆ. ತೆರಿಗೆ ಕಟ್ಟಿದ್ದಾರೆ. ಯಾಕೆಂದರೆ ಕೆಳಗೆ ಸಿನಿಮಾ ಓಡುತ್ತಿತ್ತು. ಕೆಳಗೆ ಜನ ಕೂರಬೇಕಾದರೆ ಮೇಲಿನ ಮಾಡು ಸರಿಯಿರಬೇಕು. ಒಂದರ ಮೇಲೊಂದು ಕಟ್ಟಿದ್ದರ ಲಾಭ ಇದು. ಅಕ್ಕಪಕ್ಕ ಕಟ್ಟಿದ್ದರೆ ಮುಚ್ಚಿದ್ದನ್ನು ಎಂದೋ ಒಡೆದು, ಜಾಗ ಮಾರುತ್ತಿದ್ದರು. ತಲೆಯ ಮೇಲೆ ಇರುವುದನ್ನು ಮಾತ್ರ ಒಡೆಯುವುದು ಸುಲಭವಲ್ಲ, ಕೆಳಗಿನ ವ್ಯಾಪಾರ ನಿಲ್ಲುತ್ತದೆ.

ಹಾಗಾಗಿ ನನ್ನ ಎಸ್ಟಿಮೇಟು ಇದು. ಮೇಲಿನ ಚಪ್ಪರ ಉಳಿಸಿದ್ದು ಬೀಗವಲ್ಲ, ಕೆಳಗಿನ ಹಾಲ್. ಕೊನೆಕೊನೆಗೆ ಮರ್ಯಾದಸ್ಥರು ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದ ಆ ಹಾಲ್, ಆ ಸಿನಿಮಾಗಳ ಟಿಕೆಟ್ ದುಡ್ಡು. ಇಪ್ಪತ್ತೆಂಟು ಪದರ ಬಣ್ಣ ಹೊಡೆಸಿಕೊಂಡು ತಾನು ಹಾಳಾಗಿ, ಮೇಲಿನದನ್ನು ಒದ್ದೆಯಾಗದಂತೆ ಕಾಯ್ದದ್ದು ಅದು. ಟೂರಿನಲ್ಲಿ ಈ ಮಾತು ಬರಲಿಲ್ಲ. ಬರಬೇಕಿತ್ತು.

ಹೋಲಿಸಿ ನೋಡಲು ದೂರ ಹೋಗಬೇಕಾಗಿಲ್ಲ. ನೂರಿನ್ನೂರು ಹೆಜ್ಜೆ ಆಚೆಗೆ ಲ್ಯಾಂಬ್ ಅವರದೇ ಇನ್ನೊಂದು ಥಿಯೇಟರ್ ಇದೆ, 1920ರ ಪ್ಯಾಂಟೇಜಸ್. ಅದಕ್ಕೆ ಮೇಲೆ ಕೆಳಗೆ ಇರಲಿಲ್ಲ, ಒಂದೇ ಭಾರೀ ಹಾಲ್. 1970ರ ದಶಕದಲ್ಲಿ ಅದನ್ನು ಆರು ತುಂಡು ಮಾಡಿ ಆರು ಸ್ಕ್ರೀನ್ ಮಾಡಿದರು. ಆಮೇಲೆ ಗೋಡೆಗಳನ್ನೆಲ್ಲ ಕಿತ್ತು 1989ರಲ್ಲಿ ಮತ್ತೆ ಒಂದಾಯಿತು, ಈಗ ಸಿಎಎ ಎಡ್ ಮರ್ವಿಷ್ ಥಿಯೇಟರ್ ಎಂದು ಹೆಸರು. ಅದೃಷ್ಟ ಅದರದ್ದು. ಅಪ್ಪಯ್ಯನ ಮುಂಬೈ ಮೆಟ್ರೊ 2006ರಲ್ಲಿ ಮಲ್ಟಿಪ್ಲೆಕ್ಸ್ ಆಯಿತು. ಹೊರಗಿನ ಮುಖ ಅದೇ, ಒಳಗೆ ತುಂಡು. ಬೆಂಗಳೂರಿನಲ್ಲಿ ಅದೂ ಇಲ್ಲ. ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂರುತ್ತಿದ್ದ ಕಪಾಲಿ 1968ರಲ್ಲಿ ಶುರುವಾಗಿ 2017ರಲ್ಲಿ ನೆಲಸಮವಾಯಿತು. ಐವತ್ತು ವರ್ಷವೂ ತುಂಬಲಿಲ್ಲ. ಕಪಾಲಿಯನ್ನು ಸರ್ಕಾರ ಕೊಂಡು ಉಳಿಸಬೇಕಿತ್ತಾ ಎಂದು ಕೇಳಿದರೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಅದಿದ್ದ ಗಾಂಧಿನಗರದಲ್ಲಿ ಅಡಿ ಜಾಗಕ್ಕೆ ಎಷ್ಟು ರೇಟು ಎಂದು ಗೊತ್ತಿರುವವನು ನಾನು. ಟೊರೊಂಟೊದಲ್ಲೂ ಪ್ರಾಂತ್ಯದ ಸಂಸ್ಥೆ ಕೊಳ್ಳದೆ ಇದ್ದಿದ್ದರೆ ಮಾಲ್ ಎದುರಿನ ಈ ಜಾಗದ ಗತಿ ಏನಾಗುತ್ತಿತ್ತು ಎಂದು ಊಹಿಸಲು ಎಸ್ಟಿಮೇಟರೇ ಆಗಬೇಕಿಲ್ಲ.

ಟೂರ್ ಮೇಲೆಯೇ ಮುಗಿಯಿತು. ಎಲ್ಲರೂ ಎಲೆಯ ಕೆಳಗೆ ನಿಂತು ಫೋಟೊ ತೆಗೆದರು, ನಾವೂ ತೆಗೆದೆವು. ಇಳಿಯುವಾಗ ಮೂವರೂ ಲಿಫ್ಟ್. ಕೆಳಗೆ ಬಂದಾಗ ಅಪ್ಪಯ್ಯ ಗೈಡಿನ ಹತ್ತಿರ ಹೋಗಿ, ತಮಗೆ ಗೊತ್ತಿರುವ ಹೋಟೆಲ್ ಇಂಗ್ಲಿಷಿನಲ್ಲಿ, ಎಲ್ಗಿನ್ ಒಳಗೆ ಇನ್ನೊಂದು ಸಲ ಹೋಗಬಹುದಾ ಎಂದು ಕೇಳಿದರು. ಗೈಡ್ ಗಡಿಯಾರ ನೋಡಿ, ಎರಡು ನಿಮಿಷ ಅಂದರು.

ನಾನು ಬಾಕ್ಸುಗಳ ಹತ್ತಿರ ಹೋಗುತ್ತಾರೆ ಅಂದುಕೊಂಡೆ. ಅವರು ನಡುದಾರಿಯಲ್ಲಿ ನೇರ ಮುಂದಕ್ಕೆ ನಡೆದು, ವೇದಿಕೆಗೆ ತೀರಾ ಹತ್ತಿರದ ಮೊದಲ ಸಾಲಿನಲ್ಲಿ ಕೂತರು. ಗಾಂಧಿ ಕ್ಲಾಸ್. ಮೆಟ್ರೊದಲ್ಲಿ ಅವರ ಜಾಗ ಯಾವಾಗಲೂ ಅದೇ. ಸಾವಿರದೈನೂರು ಖಾಲಿ ಸೀಟು ಬೆನ್ನ ಹಿಂದೆ. ತಲೆ ಎತ್ತಿ ಪರದೆಯಿರುವ ಜಾಗ ನೋಡಿದರು, ಆ ಬದಿ ಈ ಬದಿ ನೋಡಿದರು.

"ಕುತ್ತಿಗೆ ನೋಯ್ತದೆ" ಅಂದರು. "ಸರಿ ಉಂಟು."

ಅಮ್ಮ ಅಷ್ಟರಲ್ಲಿ ಬಾಗಿಲ ಹತ್ತಿರ ಗೈಡನ್ನು ನಿಲ್ಲಿಸಿಕೊಂಡು, ಎರಡು ಕೈಯಲ್ಲಿ ಗಾಳಿಯಲ್ಲೇ ಹಿಟ್ಟು ನಾದಿ ತೋರಿಸುತ್ತಿದ್ದರು.